ಯಾವ ಕ್ಲಾಸಿಗೆ ಸೇರಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ವರ್ಷಗಟ್ಟಲೆ ವ್ಯಾಯಾಮ ಬಿಟ್ಟಿರುವ ಹೆಂಗಸರು ಮತ್ತೆ ಹೇಗೆ ಶುರು ಮಾಡಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಕೇಳಿವೆ. ಗುಂಪಿನಲ್ಲಿ ಮಾಡಿಸುವ ಕ್ಲಾಸುಗಳಲ್ಲಿ ಯಾವುದು ಒಳ್ಳೆಯದು? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಬರೆದವರ ಹೆಸರು ಹಾಕಿಲ್ಲ, ವಯಸ್ಸು ಮಾತ್ರ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಉತ್ತರಕ್ಕೆ ಅದು ಬೇಕು.

ಪ್ರಶ್ನೆ: ಮೇಡಂ, ನನಗೆ 42. ಎಂಟು ವರ್ಷದಿಂದ ಕೂತು ಮಾಡುವ ಕೆಲಸ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ನನಗೆ ಹೊಂದುವ ಸಮಯಕ್ಕೆ ಮೂರು ಬ್ಯಾಚ್ ಇವೆ: ಜುಂಬಾ, ಯೋಗ, ಮತ್ತೆ ಡಂಬಲ್ಸ್ ಹಿಡಿದು ಮಾಡಿಸುವ ಸ್ಟ್ರೆಂತ್ ಕ್ಲಾಸ್. ಒಂದಕ್ಕೆ ಮಾತ್ರ ಹೋಗಲು ಸಾಧ್ಯ. ಬೇಗ ಫಿಟ್ ಆಗುವುದು ಯಾವುದರಿಂದ?

ಉತ್ತರ: ಮೊದಲು ಆ ಏದುಸಿರನ್ನೇ ನೋಡೋಣ. ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಸೇರಿರುತ್ತವೆ. ಒಂದು, ಹೃದಯ ಮತ್ತು ಶ್ವಾಸಕೋಶಕ್ಕೆ ಅಭ್ಯಾಸ ತಪ್ಪಿರುತ್ತದೆ. ಇನ್ನೊಂದನ್ನು ತುಂಬಾ ಜನ ಗಮನಿಸುವುದೇ ಇಲ್ಲ: ತೊಡೆಯಲ್ಲಿ ಬಲ ಕಡಿಮೆಯಾಗಿರುತ್ತದೆ. ಕಾಲಿನಲ್ಲಿ ಇರುವ ಶಕ್ತಿಯ ಬಹುಪಾಲು ಒಂದೊಂದು ಮೆಟ್ಟಿಲಿಗೇ ಖರ್ಚಾಗುತ್ತಿದ್ದರೆ ಉಸಿರು ಹಿಡಿಯದೆ ಇನ್ನೇನಾಗುತ್ತದೆ? ಅಂದರೆ ಫಿಟ್‌ನೆಸ್ ಒಂದೇ ವಸ್ತುವಲ್ಲ. ದಮ್ಮು ಬೇರೆ, ಬಲ ಬೇರೆ, ಮೈ ಬಾಗುವುದು ಬೇರೆ, ಬೀಳದೆ ನಿಲ್ಲುವುದು ಬೇರೆ. ಮೂರು ಕ್ಲಾಸುಗಳು ಇವುಗಳಲ್ಲಿ ಬೇರೆ ಬೇರೆ ಕೆಲಸ ಮಾಡುತ್ತವೆ.

ದಮ್ಮಿನ ಲೆಕ್ಕಕ್ಕೆ ಒಂದು ಅಳತೆ ಇದೆ, ಮೆಟ್ ಅಂತ. ಸುಮ್ನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್. 3ರಿಂದ 6ರೊಳಗೆ ಇದ್ದರೆ ಮಧ್ಯಮ ಶ್ರಮ, 6 ದಾಟಿದರೆ ಜೋರು ಶ್ರಮ. ನಿಧಾನವಾಗಿ ಮಾಡುವ ಹಠಯೋಗದ ಆಸನಗಳು ಸುಮಾರು 2.5, ಸೂರ್ಯ ನಮಸ್ಕಾರ 3.3, ಡಂಬಲ್ಸ್ ಕೆಲಸ ಎಷ್ಟು ಭಾರ, ಎಷ್ಟು ಬಿಡುವು ಅನ್ನುವುದರ ಮೇಲೆ 3.5ರಿಂದ 6, ಏರೋಬಿಕ್ ಡಾನ್ಸ್ 7ರ ಆಸುಪಾಸು. ಜುಂಬಾ ಈ ಕೊನೆಯ ಜಾತಿಗೆ ಸೇರಿದ್ದು. ಕೊಲಂಬಿಯಾದ ಬೆಟೊ ಪೆರೆಜ್ 1990ರ ದಶಕದಲ್ಲಿ ತಮ್ಮ ಏರೋಬಿಕ್ಸ್ ಕ್ಲಾಸಿನಲ್ಲೇ ಅದನ್ನು ಶುರು ಮಾಡಿದ್ದು.

ಹಾಗಂತ ಜುಂಬಾ ಗೆದ್ದಿತು ಅಂದುಕೊಳ್ಳಬೇಡಿ. ದಮ್ಮು ಬೇಗ ಬೆಳೆಸುವುದು ಅದೇ, ನಿಜ. ಆದರೆ ತೋಳು, ಬೆನ್ನು, ಸೊಂಟದ ಬಲಕ್ಕೆ ಅದರಲ್ಲಿ ಸಿಗುವುದು ಸ್ವಲ್ಪವೇ. ಮೂವತ್ತು ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಕರಗುತ್ತಾ ಹೋಗುತ್ತದೆ. ಅದನ್ನು ತಡೆಯಲು ಸ್ನಾಯುವಿನ ಮೇಲೆ ಭಾರ ಬೀಳಲೇಬೇಕು. ಯೋಗ ಮೈಯನ್ನು ಸಡಿಲ ಮಾಡುತ್ತದೆ, ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿಸುತ್ತದೆ, ಮನಸ್ಸಿಗೆ ನೆಮ್ಮದಿ ಕೊಡುತ್ತದೆ, ನಿದ್ದೆ ಸರಿಹೋಗಿದೆ ಅಂತ ನನಗೆ ಎಷ್ಟೋ ಜನ ಹೇಳಿದ್ದಾರೆ. ಆದರೆ ನಿಧಾನದ ಯೋಗ ಒಂದನ್ನೇ ನಂಬಿದರೆ ಮೆಟ್ಟಿಲಿನ ಏದುಸಿರು ಅಷ್ಟು ಬೇಗ ಹೋಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೀಗೆ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಜೋರು ಶ್ರಮ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಬಲ ಹೆಚ್ಚಿಸುವ ವ್ಯಾಯಾಮ. ಈ ಎರಡನೆಯ ಭಾಗವನ್ನೇ ಎಲ್ಲರೂ ಮರೆಯುವುದು.

ಈಗ ನನ್ನ ಮಾತು. ಒಂದೇ ಕ್ಲಾಸಿಗೆ ಹೋಗಲು ಆಗುವುದಾದರೆ ಸ್ಟ್ರೆಂತ್ ಕ್ಲಾಸಿಗೆ ಸೇರಿ, ಉಳಿದ ದಿನ ಬಿರುಸಾಗಿ ನಡೆಯಿರಿ. ಯಾಕೆ ಅಂದರೆ ನಡೆಯುವುದಕ್ಕೆ ಟೀಚರ್ ಬೇಡ. ಭಾರ ಎತ್ತುವುದಕ್ಕೆ ಬೇಕು. ಬೆನ್ನು ಎಲ್ಲಿ ಬಾಗಿತು, ಮಂಡಿ ಎಲ್ಲಿ ಒಳಗೆ ವಾಲಿತು ಅನ್ನುವುದು ನಮಗೇ ಕಾಣುವುದಿಲ್ಲ, ಇನ್ನೊಬ್ಬರು ನೋಡಿ ಹೇಳಬೇಕು. ಆದರೆ ಎರಡು ವಾರ ಹೋದ ಮೇಲೂ ಕ್ಲಾಸಿನ ಸಮಯ ಹತ್ತಿರ ಬಂದರೆ ಬೇಜಾರಾಗುತ್ತಿದೆ, ಪಕ್ಕದ ಹಾಲಿನ ಜುಂಬಾ ಸಂಗೀತಕ್ಕೆ ಕಾಲು ತಾನಾಗಿ ಕುಣಿಯುತ್ತಿದೆ ಅಂದರೆ ಯೋಚನೆ ಮಾಡದೆ ಅಲ್ಲಿಗೇ ಹೋಗಿ. ನಿಮ್ಮ ಹಾಗೆ ತುಂಬಾ ದಿನ ಕೂತೇ ಇದ್ದವರಿಗೆ ಮೊದಲ ಆರರಿಂದ ಎಂಟು ವಾರದಲ್ಲಿ ಯಾವ ಕ್ಲಾಸ್ ಆದರೂ ಫಲ ಕೊಡುತ್ತದೆ. ಹೋದವರಿಗೂ ಹೋಗದವರಿಗೂ ಇರುವ ವ್ಯತ್ಯಾಸ ಎಷ್ಟೋ ದೊಡ್ಡದು, ಈ ಕ್ಲಾಸಿಗೂ ಆ ಕ್ಲಾಸಿಗೂ ಇರುವುದು ಅದರ ಮುಂದೆ ಚಿಕ್ಕದು.

ಪ್ರಶ್ನೆ: ನನಗೆ 35. ಗೆಳತಿಯರ ಜೊತೆ ಹಿಟ್ (HIIT, ಅಂದರೆ ಬಿಟ್ಟು ಬಿಟ್ಟು ಜೋರಾಗಿ ಮಾಡಿಸುವ) ಕ್ಲಾಸಿಗೆ ಸೇರಿದೆ. ಮೊದಲ ದಿನವೇ ತಲೆ ಸುತ್ತಿ ವಾಂತಿಯಾಯಿತು. ಆಮೇಲೆ ಮೂರು ದಿನ ಕುರ್ಚಿಯಲ್ಲಿ ಕೂರಲೂ ಆಗಲಿಲ್ಲ, ತೊಡೆ ಅಷ್ಟು ನೋವು. ಎರಡನೇ ವಾರಕ್ಕೆ ಬಿಟ್ಟುಬಿಟ್ಟೆ. "ನೋವಾದರೇನೇ ಮೈ ಬಗ್ಗೋದು" ಅನ್ನುತ್ತಾರೆ ಅಲ್ಲಿಯ ಟ್ರೈನರ್. ನನ್ನ ಕೈಲಿ ಆಗೋದೇ ಇಲ್ವಾ?

ಉತ್ತರ: ನಿಮ್ಮ ಪತ್ರ ಓದಿ ನನಗೆ ಸಂಕಟವಾಯಿತು. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ತಪ್ಪಾಗಿದ್ದು ಎಲ್ಲರಿಗೂ ಒಂದೇ ಅಳತೆ ಕೊಟ್ಟಿದ್ದು.

ಇಂಥ ಕ್ಲಾಸುಗಳಲ್ಲಿ "ತಬಾಟಾ" ಅನ್ನುವ ಮಾತು ಕೇಳಿರುತ್ತೀರಿ. 20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು, ಹೀಗೆ ಎಂಟು ಸಲ. ಜಪಾನಿನ ವಿಜ್ಞಾನಿ ಇಜುಮಿ ತಬಾಟಾ ಅವರ ತಂಡ 1996ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದ ಹೆಸರು ಅದು. ಆ ಪ್ರಯೋಗದಲ್ಲಿ ಇದ್ದವರು ಯಾರು ಗೊತ್ತಾ? ದೈಹಿಕ ಶಿಕ್ಷಣ ಓದುತ್ತಿದ್ದ ಹುಡುಗರು. ಅವರು ಮಾಡಿದ್ದು ಒಂದೇ ಕಡೆ ನಿಂತಿರುವ ಸೈಕಲ್ ಮೇಲೆ, ನೆಗೆದು ನೆಗೆದು ಅಲ್ಲ. ವರ್ಷಗಟ್ಟಲೆ ಕೂತಿದ್ದ ಒಬ್ಬ ಹೆಂಗಸನ್ನು ಮೊದಲ ದಿನವೇ ಅದಕ್ಕೆ ನಿಲ್ಲಿಸಿ ನೆಗೆಸುವುದು ಸರಿಯಲ್ಲ.

ಬಿಟ್ಟು ಬಿಟ್ಟು ಜೋರಾಗಿ ಮಾಡುವ ಕ್ರಮ ಮಾತ್ರ ಕೆಟ್ಟದ್ದಲ್ಲ, ದಮ್ಮು ಬೆಳೆಸಲು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಳಕೆ ಇಲ್ಲದವರಿಗೆ ಅದನ್ನು ಹೀಗೆ ಕೊಡಬೇಕು: ಒಂದು ನಿಮಿಷ ಬಿರುಸು ನಡಿಗೆ, ಎರಡು ನಿಮಿಷ ನಿಧಾನ. ಅದೂ ಹಿಟ್ ಜಾತಿಯದೇ. "ಜೋರು" ಅನ್ನುವುದು ನಿಮ್ಮ ಮೈಗೆ ಜೋರಾಗಿದ್ದರೆ ಸಾಕು, ಪಕ್ಕದವಳ ಮೈಗಲ್ಲ.

ಅಳೆಯಲು ಮಾತಿಗಿಂತ ಒಳ್ಳೆಯ ಸಾಧನ ಇಲ್ಲ. ಮಾತಾಡಬಹುದು, ಆದರೆ ಹಾಡಲು ಆಗುತ್ತಿಲ್ಲ ಅಂದರೆ ಮಧ್ಯಮ ಶ್ರಮ. ಮೂರು ನಾಲ್ಕು ಪದಕ್ಕೆ ಉಸಿರು ತೆಗೆದುಕೊಳ್ಳಬೇಕು ಅಂದರೆ ಜೋರು. ಮೊದಲ ತಿಂಗಳು ಪೂರ್ತಿ ಮಾತಾಡುವ ಹದದಲ್ಲೇ ಇರಿ. ನಾಡಿ ಲೆಕ್ಕ ಇಷ್ಟಪಡುವವರಿಗೆ ಇನ್ನೊಂದು ವಿಷಯ. ನಾಡಿ ನಿಮಿಷಕ್ಕೆ ಅತಿ ಹೆಚ್ಚೆಂದರೆ ಎಷ್ಟು ಬಡಿಯಬಹುದು ಅಂತ ತಿಳಿಯಲು 220ರಿಂದ ವಯಸ್ಸು ಕಳೆಯುವ ಹಳೆಯ ಸೂತ್ರ ಹೆಂಗಸರಿಗೆ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಅಮೆರಿಕದ ಚಿಕಾಗೋ ಭಾಗದ 5,000ಕ್ಕೂ ಹೆಚ್ಚು ಮಹಿಳೆಯರನ್ನು ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಬಂತು. ವಯಸ್ಸನ್ನು 0.88ರಿಂದ ಗುಣಿಸಿ 206ರಿಂದ ಕಳೆಯಿರಿ ಅನ್ನುತ್ತದೆ ಅದು. ನಿಮಗೆ ಅದು 175 ಆಗುತ್ತದೆ, ಹಳೆಯ ಲೆಕ್ಕದಲ್ಲಿ 185. 175ರ ಶೇಕಡ 64ರಿಂದ 76, ಅಂದರೆ 112ರಿಂದ 133ರವರೆಗೆ ನಾಡಿ ಇದ್ದರೆ ಶುರುವಿಗೆ ಸಾಕು.

ಮರುದಿನ, ಅದರ ಮರುದಿನ ಸ್ವಲ್ಪ ಮೈಕೈ ನೋವು ಸಹಜ, ಮೂರು ದಿನದಲ್ಲಿ ಹೋಗುತ್ತದೆ. ಕೂರಲೂ ಆಗದಷ್ಟು ನೋವು ಅಂದರೆ ಅಳತೆ ಮೀರಿದೆ ಅಂತ. ಆ ಟ್ರೈನರ್ ಮಾತನ್ನು ಮರೆತುಬಿಡಿ. ಹೊಸಬರಿಗೆ ಬೇರೆ ಸಾಲು, ಬೇರೆ ಅಳತೆ ಕೊಡುವ ಕ್ಲಾಸ್ ಹುಡುಕಿ. ಎದೆ ನೋವು, ಕಣ್ಣು ಕತ್ತಲೆ ಬರುವುದು, ಎಂದೂ ಇಲ್ಲದ ಉಸಿರಾಟದ ತೊಂದರೆ ಏನಾದರೂ ಇದ್ದರೆ ಮಾತ್ರ ಕ್ಲಾಸಿಗಿಂತ ಮೊದಲು ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಭಾರ ಎತ್ತಿದರೆ ತೋಳು ಗಂಡಸರ ಹಾಗೆ ಆಗುತ್ತಾ? ವಯಸ್ಸು 29.

ಉತ್ತರ: ಇಲ್ಲ. ಸ್ನಾಯುವನ್ನು ಹಾಗೆ ಉಬ್ಬಿಸುವ ಟೆಸ್ಟೋಸ್ಟಿರೋನ್ ಗಂಡಸರಲ್ಲಿ ನಮಗಿಂತ ಹತ್ತು ಪಟ್ಟಿಗೂ ಜಾಸ್ತಿ. ವಾರಕ್ಕೆ ಎರಡು ದಿನದ ಕ್ಲಾಸಿನಲ್ಲಿ ಬಲ ಬರುತ್ತದೆ, ತೋಳು ಸ್ವಲ್ಪ ಗಟ್ಟಿಯಾಗುತ್ತದೆ, ಅಷ್ಟೇ. ಹೆದರದೆ ಎತ್ತಿ.

ಪ್ರಶ್ನೆ: ವಯಸ್ಸು 58. ಮುಟ್ಟು ನಿಂತು ಏಳು ವರ್ಷ. ಎರಡೂ ಮಂಡಿಯಲ್ಲಿ ಸವೆತ ಇದೆ ಅಂತ ಡಾಕ್ಟರ್ ಹೇಳಿದ್ದಾರೆ, ವ್ಯಾಯಾಮ ಮಾಡಿ ಅಂತಲೂ ಹೇಳಿದ್ದಾರೆ. ಮಗಳು ನೀರಿನಲ್ಲಿ ಮಾಡಿಸುವ ಏರೋಬಿಕ್ಸ್‌ಗೆ ಸೇರಿಸುತ್ತೇನೆ ಅನ್ನುತ್ತಾಳೆ. ಕುರ್ಚಿ ಹಿಡಿದು ಮಾಡಿಸುವ ಇನ್ನೊಂದು ಕ್ಲಾಸೂ ಇದೆ. ಯಾವುದು ಸರಿ?

ಉತ್ತರ: ಅಮ್ಮಾ, ಎರಡೂ ಒಳ್ಳೆಯವೇ. ಮಂಡಿ ನೋವು ಜಾಸ್ತಿ ಇರುವಾಗ ನೀರಿನಿಂದ ಶುರು ಮಾಡುವುದು ಸುಲಭ. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎದೆಮಟ್ಟ ನೀರಿದ್ದರೆ ಮೂರನೇ ಒಂದಕ್ಕೆ. ಆದರೂ ನೀರು ಎದುರು ತಳ್ಳುವುದರಿಂದ ಶ್ರಮ ಚೆನ್ನಾಗಿಯೇ ಆಗುತ್ತದೆ, ಸುಮಾರು 5 ಮೆಟ್. ಈಜು ಬರಬೇಕಿಲ್ಲ. ನೀರಿನಲ್ಲಿ ನಾಡಿ ಸ್ವಲ್ಪ ಕಡಿಮೆಯೇ ಬಡಿಯುತ್ತದೆ, ಅದಕ್ಕೇ ಅಲ್ಲಿ ನಾಡಿ ಎಣಿಸುವ ಬದಲು ಉಸಿರು ನೋಡಿಕೊಳ್ಳಿ.

ಒಂದು ಕೊರತೆ ಇದೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ಮೂಳೆಗೆ ಭಾರ ಬಿದ್ದರೇನೇ ಅದು ಗಟ್ಟಿಯಾಗಿ ಉಳಿಯುವುದು. ನೀರು ಆ ಭಾರವನ್ನೇ ತೆಗೆದುಬಿಡುತ್ತದೆ. ಆದ್ದರಿಂದ ಎರಡು ಮೂರು ತಿಂಗಳು ನೀರಿನಲ್ಲಿ ಮಾಡಿ, ನೋವು ಹತೋಟಿಗೆ ಬಂದ ಮೇಲೆ ಕುರ್ಚಿ ಕ್ಲಾಸನ್ನು ಬಿಡಬೇಡಿ. ನೋಡಲು ಸಪ್ಪೆ ಅನ್ನಿಸಬಹುದು, ಆದರೆ ಕೂತು ಏಳುವುದಕ್ಕಿಂತ ಉಪಯೋಗದ ವ್ಯಾಯಾಮ ನಿಮ್ಮ ವಯಸ್ಸಿನಲ್ಲಿ ಇನ್ನೊಂದಿಲ್ಲ ಅಂತ ನನಗೆ ಖಂಡಿತ ಗೊತ್ತು.

ನಾನು ನಡೆಸುತ್ತಿದ್ದ ಒಂದು ಬ್ಯಾಚಿನಲ್ಲಿ ನಿಮ್ಮ ವಯಸ್ಸಿನವರೊಬ್ಬರು ಇದ್ದರು. ಹಿಂದಿನ ಸಾಲು, ಬಾಗಿಲ ಪಕ್ಕದ ಕುರ್ಚಿ, ಯಾವತ್ತೂ ಅದೇ. ಏಳಬೇಕಾದರೆ ಎರಡೂ ಕೈ ತೊಡೆಯ ಮೇಲೆ ಊರಿ, ಮುಂದಕ್ಕೆ ಬಾಗಿ, ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಮೇಲೆ ಬರುತ್ತಿದ್ದರು. ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಟ್ಟೆ. ಪ್ರತಿ ಎರಡು ವಾರಕ್ಕೆ ದಿಂಬು ತೆಳ್ಳಗಾಯಿತು. ಒಂಬತ್ತನೇ ವಾರ ದಿಂಬೇ ಇಲ್ಲ. ಆ ದಿನ ಕೈ ಎದೆಗೆ ಕಟ್ಟಿಕೊಂಡು ಎದ್ದು ನಿಂತವರು ಒಂದು ಗಳಿಗೆ ತಮ್ಮ ಕೈಗಳನ್ನೇ ನೋಡಿಕೊಂಡರು, ಆಮೇಲೆ ಮತ್ತೆ ಕೂತು ಮತ್ತೆ ಎದ್ದರು. ನಾನು ಹೇಳಿರಲಿಲ್ಲ, ತಾವಾಗಿಯೇ.

ನೀವೂ ಇವತ್ತೇ ಒಂದು ಪರೀಕ್ಷೆ ಮಾಡಿ ಬರೆದಿಡಿ. ಗೋಡೆಗೆ ತಾಗಿಸಿದ ಕುರ್ಚಿ, ಕೈ ಎದೆಯ ಮೇಲೆ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ. 60ರಿಂದ 64 ವಯಸ್ಸಿನ ಹೆಂಗಸರಲ್ಲಿ 12ರಿಂದ 17 ಸಾಮಾನ್ಯ. ನಿಮಗೆ ಏಳು ಬಂದರೂ ಬೇಸರ ಬೇಡ, ಅದು ಶುರುವಿನ ಸಂಖ್ಯೆ ಅಷ್ಟೇ.

ಪ್ರಶ್ನೆ: ಹೇಳಲು ನಾಚಿಕೆಯಾಗುತ್ತದೆ. ಎರಡನೇ ಹೆರಿಗೆ ಆದ ಮೇಲೆ ಏರೋಬಿಕ್ಸ್ ಕ್ಲಾಸಿನಲ್ಲಿ ನೆಗೆದಾಗಲೆಲ್ಲ ಸ್ವಲ್ಪ ಮೂತ್ರ ಸೋರುತ್ತದೆ. ಅದಕ್ಕೇ ಹೋಗುವುದನ್ನೇ ನಿಲ್ಲಿಸಿದೆ. 33 ವರ್ಷ.

ಉತ್ತರ: ಬರೆದಿದ್ದು ತುಂಬಾ ಒಳ್ಳೆಯದಾಯಿತು. ಕ್ಲಾಸು ಬಿಡುವ ಎಷ್ಟೋ ಹೆಂಗಸರು ಹೇಳದೆ ಇರುವ ಕಾರಣ ಇದೇ. "ಟೈಮ್ ಸಿಗಲಿಲ್ಲ" ಅಂದುಬಿಡುತ್ತಾರೆ, ಪಾಪ.

ಮೂತ್ರಕೋಶ, ಗರ್ಭಕೋಶವನ್ನು ಕೆಳಗಿನಿಂದ ತೊಟ್ಟಿಲಿನ ಹಾಗೆ ಹಿಡಿದಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಬಸಿರು, ಹೆರಿಗೆಯಲ್ಲಿ ಸಡಿಲವಾಗಿರುತ್ತವೆ. ಬೇರೆ ಸ್ನಾಯುಗಳ ಹಾಗೆ ಇವಕ್ಕೂ ಬಲ ತುಂಬಬಹುದು. ಅಮೆರಿಕದ ಡಾಕ್ಟರ್ ಆರ್ನಲ್ಡ್ ಕೆಗಲ್ 1948ರಲ್ಲಿ ತಿಳಿಸಿದ ಈ ವ್ಯಾಯಾಮಕ್ಕೆ ಅವರದೇ ಹೆಸರು ಬಂದಿದೆ. ಮೂತ್ರವನ್ನೂ ಗಾಳಿಯನ್ನೂ ತಡೆಹಿಡಿಯುವ ಹಾಗೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಿ, ಕೆಲವು ಸೆಕೆಂಡ್ ಹಿಡಿಯಿರಿ, ಪೂರ್ತಿ ಬಿಡಿ. ಉಸಿರು ಕಟ್ಟಬೇಡಿ, ಹೊಟ್ಟೆ ಬಿಗಿಯಬೇಡಿ, ಪೃಷ್ಠವನ್ನೂ ಬಿಗಿಯಬೇಡಿ. ಒಂದು ಸಲಕ್ಕೆ ಕನಿಷ್ಠ ಎಂಟು, ದಿನಕ್ಕೆ ಮೂರು ಸಲ, ಮೂರು ತಿಂಗಳು ಬಿಡದೆ. ಮೂತ್ರ ಮಾಡುತ್ತಿರುವಾಗ ಮಧ್ಯೆ ತಡೆದು ಅಭ್ಯಾಸ ಮಾಡಬೇಡಿ. ಸರಿಯಾಗಿ ಮಾಡುತ್ತಿದ್ದೀರಾ ಅಂತ ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ನೋಡಿಸಿಕೊಂಡರೆ ಇನ್ನೂ ಒಳ್ಳೆಯದು, ಯಾಕೆಂದರೆ ಎಳೆದುಕೊಳ್ಳುವ ಬದಲು ಕೆಳಕ್ಕೆ ಒತ್ತುವವರು ತುಂಬಾ ಜನ.

ಅಲ್ಲಿಯವರೆಗೆ ನೆಗೆತ ಇಲ್ಲದ ಕ್ಲಾಸ್ ನೋಡಿ. ಒಂದು ಕಾಲು ಯಾವಾಗಲೂ ನೆಲದ ಮೇಲೇ ಇರುವ ಲೋ ಇಂಪ್ಯಾಕ್ಟ್ ಏರೋಬಿಕ್ಸ್, ಹೊಟ್ಟೆ ಬೆನ್ನಿನ ಸ್ನಾಯುಗಳಿಗೆ ನಿಧಾನವಾಗಿ ಬಲ ತುಂಬುವ ಪಿಲಾಟೀಸ್, ಹಗುರ ಭಾರದ ಸ್ಟ್ರೆಂತ್ ಕ್ಲಾಸ್, ಯಾವುದಾದರೂ ಸರಿ. ದಮ್ಮಿಗೆ ನೆಗೆಯಲೇಬೇಕು ಅಂತ ಏನೂ ಇಲ್ಲ. ಮಂಡಿ ಎತ್ತಿ ನಡೆದರೂ, ಕೈ ತಲೆಯ ಮೇಲೆ ಬೀಸಿದರೂ ಉಸಿರು ಏರುತ್ತದೆ.

ಪ್ರಶ್ನೆ: ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ಡಾನ್ಸ್ ಫಿಟ್‌ನೆಸ್ ಕ್ಲಾಸಿಗೆ ಹೋದೆ. ತೂಕ ಒಂದೂವರೆ ಕಿಲೋ ಮಾತ್ರ ಇಳಿದಿದೆ. ಮನೆಯಲ್ಲಿ "ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ. ಕ್ಲಾಸ್ ಬದಲಾಯಿಸಲಾ? 46 ವರ್ಷ.

ಉತ್ತರ: ಮೂರು ತಿಂಗಳು ಒಂದು ದಿನವೂ ತಪ್ಪಿಸಿಲ್ಲ ಅಂದಿರಲ್ಲ, ಅದನ್ನು ಮೊದಲು ಮನೆಯವರಿಗೆ ಹೇಳಿ. 2022ರ ಲೆಕ್ಕದಲ್ಲಿ ಜಗತ್ತಿನ ಹೆಂಗಸರಲ್ಲಿ ಶೇಕಡ 34ರಷ್ಟು ಜನ ಬೇಕಾದಷ್ಟು ಮೈ ಅಲ್ಲಾಡಿಸುವುದಿಲ್ಲ, ಗಂಡಸರಲ್ಲಿ ಅದು ಶೇಕಡ 29. ನೀವು ಆ ಗುಂಪಿನಿಂದ ಹೊರಗೆ ಬಂದಿದ್ದೀರಿ.

ತೂಕದ ಯಂತ್ರಕ್ಕೆ ದಮ್ಮು ಕಾಣುವುದಿಲ್ಲ. ತೂಕ ಮುಖ್ಯವಾಗಿ ಊಟದ ವಿಷಯ, ವ್ಯಾಯಾಮ ಒಂದರಿಂದ ಅದು ಇಳಿಯುವುದು ನಿಧಾನ. ಆದರೆ ತೂಕ ಅಲ್ಲಾಡದಿದ್ದರೂ ದಮ್ಮು ಹೆಚ್ಚಿದವರಿಗೆ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗುತ್ತದೆ. ಹಾಗಾಗಿ ಬೇರೆ ಕಡೆ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ನಾಡಿ ಎಣಿಸಿ. ಅದು ಮೊದಲಿಗಿಂತ ಕಡಿಮೆಯಾಗಿದ್ದರೆ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಕಳಿಸುತ್ತಿದೆ ಅಂತ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೀರಿ, ಸೊಂಟದ ಸುತ್ತಳತೆ ಎಷ್ಟು, ಮೊದಲು ಎಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದಿರೋ ಅಲ್ಲಿ ಈಗಲೂ ನಿಲ್ಲುತ್ತೀರಾ?

ಕ್ಲಾಸ್ ಬದಲಾಯಿಸಬೇಡಿ. ಮೂರು ತಿಂಗಳಿಂದ ಅದೇ ಹಾಡು, ಅದೇ ಹೆಜ್ಜೆ ಆಗಿದ್ದರೆ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ. ಟೀಚರ್ ಹತ್ತಿರ ಕೇಳಿ, ವೇಗ ಅಥವಾ ಸಮಯ ಸ್ವಲ್ಪ ಏರಿಸಲಿ. ವಾರದಲ್ಲಿ ಎರಡು ದಿನ ಇಪ್ಪತ್ತು ನಿಮಿಷ ಬಲದ ವ್ಯಾಯಾಮ ಸೇರಿಸಿ.

ಪ್ರಶ್ನೆ: ನಾವು ಆಫೀಸಿನಲ್ಲಿ ಇಪ್ಪತ್ತು ಹೆಂಗಸರು ಸೇರಿ ಒಂದು ಬ್ಯಾಚ್ ಶುರು ಮಾಡಬೇಕು ಅಂತಿದ್ದೇವೆ. ಇಬ್ಬರು ಟ್ರೈನರ್ ಮಾತಾಡಿದ್ದಾರೆ. ಒಬ್ಬರದು ಸ್ಟೆಪ್ ಏರೋಬಿಕ್ಸ್, ಇನ್ನೊಬ್ಬರದು ಸರ್ಕಿಟ್. ಇಬ್ಬರೂ "ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಫಲ ಸಿಕ್ಕಿದೆ" ಅನ್ನುತ್ತಾರೆ. ಹೋಲಿಸುವುದು ಹೇಗೆ?

ಉತ್ತರ: ಈ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಇಬ್ಬರಿಗೂ ಒಂದೇ ಮಾತು ಕೇಳಿ: "ಶುರುವಿನಲ್ಲಿ ಎಷ್ಟು ಜನ ಇದ್ದರು, ಹನ್ನೆರಡನೇ ವಾರ ಎಷ್ಟು ಜನ ಉಳಿದರು?" ಇಪ್ಪತ್ತು ಜನ ಸೇರಿ ಆರು ಜನ ಉಳಿದರೆ, ಆ ಆರು ಜನರಿಗೆ ಫಲ ಸಿಕ್ಕಿರುವುದು ಸಹಜ. ಬಿಟ್ಟುಹೋದ ಹದಿನಾಲ್ಕು ಜನ ಲೆಕ್ಕದಲ್ಲೇ ಇರುವುದಿಲ್ಲ. ನನ್ನ ಕಣ್ಣಿನಲ್ಲಿ ಕ್ಲಾಸಿನ ಗುಣ ತಿಳಿಯುವುದು ಆ ಹದಿನಾಲ್ಕು ಜನರಿಂದ.

ನಿಮ್ಮಲ್ಲೇ ಹೋಲಿಸಿ ನೋಡುವ ಅವಕಾಶ ಇದೆ. ಚೀಟಿ ಎತ್ತಿ ಹತ್ತು ಹತ್ತು ಜನರ ಎರಡು ಗುಂಪು ಮಾಡಿ. ಅವರವರ ಇಷ್ಟಕ್ಕೆ ಬಿಟ್ಟರೆ ಚುರುಕಾಗಿರುವವರೆಲ್ಲ ಒಂದೇ ಕಡೆ ಹೋಗುತ್ತಾರೆ, ಆಗ ಗೆದ್ದಿದ್ದು ಕ್ಲಾಸೋ ಆ ಹೆಂಗಸರೋ ಗೊತ್ತಾಗುವುದಿಲ್ಲ. ಎರಡೂ ಕ್ಲಾಸಿಗೆ ಒಂದೇ ದಿನಗಳು, ಒಂದೇ ನಿಮಿಷಗಳು ಇರಲಿ. ಮೊದಲ ದಿನ ಮತ್ತು ಹನ್ನೆರಡನೇ ವಾರ ಕುರ್ಚಿ ಪರೀಕ್ಷೆ, ಆರು ನಿಮಿಷದ ನಡಿಗೆ ಎರಡನ್ನೂ ಎಲ್ಲರಿಗೂ ಮಾಡಿಸಿ, ಹಾಜರಿ ಬರೆದಿಡಿ. ಹತ್ತು ಹತ್ತು ಜನರಲ್ಲಿ ಸಣ್ಣ ವ್ಯತ್ಯಾಸ ಬಂದರೆ ಅದನ್ನು ದೊಡ್ಡದು ಮಾಡಬೇಡಿ, ಇಬ್ಬರಿಗೆ ನೆಗಡಿ ಬಂದಿದ್ದರೂ ಲೆಕ್ಕ ಏರುಪೇರಾಗುತ್ತದೆ.

ಅಷ್ಟೆಲ್ಲ ಆಗದಿದ್ದರೆ ನಾನಾದರೆ ಸರ್ಕಿಟ್ ಆರಿಸುತ್ತಿದ್ದೆ. ಒಂದೊಂದು ಜಾಗದಲ್ಲಿ ಒಂದೊಂದು ವ್ಯಾಯಾಮ ಇಟ್ಟು ಸುತ್ತು ಹಾಕಿಸುವುದರಿಂದ ದಮ್ಮು, ಬಲ ಎರಡೂ ಒಂದೇ ಗಂಟೆಯಲ್ಲಿ ಸಿಗುತ್ತವೆ. 25ರವಳೂ 55ರವಳೂ ಪಕ್ಕಪಕ್ಕದಲ್ಲಿ ತಮ್ಮ ತಮ್ಮ ಭಾರ ಹಿಡಿದು ಮಾಡಬಹುದು. ಸ್ಟೆಪ್ ಏರೋಬಿಕ್ಸ್‌ನಲ್ಲಿ ಎಲ್ಲರೂ ಒಂದೇ ತಾಳಕ್ಕೆ ಹಲಗೆ ಹತ್ತಿ ಇಳಿಯಬೇಕು, ಹೆಜ್ಜೆ ತಪ್ಪಿದವಳು ಎರಡನೇ ದಿನ ಬರಲು ಹಿಂಜರಿಯುತ್ತಾಳೆ. ಅದಕ್ಕೇ ಹೋಗುವುದಾದರೆ ಹಲಗೆಯ ಎತ್ತರ 4 ಅಂಗುಲದಿಂದ ಶುರುವಾಗಲಿ.

ಇಬ್ಬರ ಕ್ಲಾಸಿಗೂ ಒಮ್ಮೆ ಹೋಗಿ ಹಿಂದೆ ಕೂತು ನೋಡಿ. ಟ್ರೈನರ್ ಕನ್ನಡಿ ನೋಡುತ್ತಾ ತಾವೇ ಮಾಡುತ್ತಿದ್ದಾರಾ, ಸಾಲುಗಳ ಮಧ್ಯೆ ಓಡಾಡುತ್ತಿದ್ದಾರಾ? ಹಿಂದಿನ ಸಾಲಿನವಳ ಹೆಸರು ಗೊತ್ತಿದೆಯಾ? ಒಂದು ವಾರ ಬರದವಳಿಗೆ ಯಾರಾದರೂ ಫೋನ್ ಮಾಡುತ್ತಾರಾ? ಬರೀ ಒಂದೇ ಹಾಲಿನಲ್ಲಿ ನಿಂತರೆ ಗುಂಪಾಗುವುದಿಲ್ಲ. ಒಬ್ಬರಿಗೊಬ್ಬರು ಕಾಯುವ ಗುಂಪಾದರೆ ಬಿಟ್ಟುಹೋಗುವವರು ಕಡಿಮೆ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಗು ಇದೆ, ಹೊರಗೆ ಹೋಗಲು ಆಗಲ್ಲ. ಆನ್‌ಲೈನ್ ಗ್ರೂಪ್ ಕ್ಲಾಸ್ ಸಾಕಾ? 31 ವರ್ಷ.

ಉತ್ತರ: ಸಾಕು, ಆದರೆ ರೆಕಾರ್ಡ್ ಮಾಡಿದ ವಿಡಿಯೋ ಬೇಡ, ನೇರವಾಗಿ ನಡೆಯುವ ಚಿಕ್ಕ ಬ್ಯಾಚ್ ನೋಡಿ. ಹತ್ತು ಹನ್ನೆರಡು ಜನ ಇದ್ದರೆ ಟ್ರೈನರ್‌ಗೆ ಎಲ್ಲರೂ ಕಾಣುತ್ತಾರೆ. ಮಗು ಎದ್ದು ಅತ್ತರೆ ಹತ್ತು ನಿಮಿಷಕ್ಕೇ ನಿಲ್ಲಿಸಿ, ಮಲಗಿದ ಮೇಲೆ ಇನ್ನೊಂದು ಹತ್ತು ನಿಮಿಷ ಮಾಡಿ. ವ್ಯಾಯಾಮ ಹತ್ತು ನಿಮಿಷವಾದರೂ ಎಡೆಬಿಡದೆ ಇದ್ದರೇನೇ ಲೆಕ್ಕ ಅನ್ನುವ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ತೆಗೆದುಹಾಕಿದೆ, ಹಾಗಾಗಿ ಐದು ನಿಮಿಷ ಮಾಡಿದರೂ ಅದು ಲೆಕ್ಕಕ್ಕೆ ಸೇರುತ್ತದೆ. ಕ್ಯಾಮೆರಾವನ್ನು ಮುಖದ ಎದುರು ಇಡಬೇಡಿ. ಪಕ್ಕದಿಂದ, ತಲೆಯಿಂದ ಪಾದದವರೆಗೆ ಕಾಣುವ ಹಾಗೆ ಸ್ವಲ್ಪ ದೂರದಲ್ಲಿ ಇಡಿ, ಬೆನ್ನು ಮತ್ತು ಮಂಡಿ ಅವರಿಗೆ ಕಾಣಬೇಕು.